ಜೂಮ್ ಲೆನ್ಸ್‌ನಲ್ಲಿ ನೆಟ್ಟಗಿನ ಗೆರೆ ಬಾಗುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಕ್ಯಾಮೆರಾ ಹಿಡಿದು ಓಡಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಮದುವೆ ಫೋಟೋ ತೆಗೆಯುವವರು, ಹಳೇ ಕಟ್ಟಡಗಳ ಹುಚ್ಚಿರುವವರು, ಆನ್‌ಲೈನ್‌ನಲ್ಲಿ ಮಾರಲು ಸೀರೆ ಫೋಟೋ ಮಾಡುವವರು, ಹೆಚ್ಚಿನವರ ಕೈಯಲ್ಲಿ ಇರುವುದು ಒಂದೇ ಒಂದು ಸ್ಟ್ಯಾಂಡರ್ಡ್ ಜೂಮ್. 18-55, 24-70, 24-105, ಇಲ್ಲವೇ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಜೊತೆ ಬರುವ 16-50. ಈ ಅಂಕಿಗಳು ಎಂಎಂನಲ್ಲಿ ಫೋಕಲ್ ಲೆಂಗ್ತ್: ಚಿಕ್ಕ ಅಂಕಿ ಅಗಲ ನೋಟದ ವೈಡ್ ತುದಿ, ದೊಡ್ಡ ಅಂಕಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ತುದಿ. ಫೋಟೋದಲ್ಲಿ ಏನೇ ಸೊಟ್ಟ ಕಂಡರೂ ಬೈಗುಳ ಲೆನ್ಸಿಗೆ ಬೀಳುತ್ತದೆ. ಆದರೆ ಸೊಟ್ಟ ಕಾಣುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ. ಇದು ಗೊತ್ತಿಲ್ಲದೆ ಇರುವ ಒಳ್ಳೆಯ ಲೆನ್ಸ್ ಮಾರಿ ಸಾಲ ಮಾಡಿ ಇನ್ನೊಂದು ತರುವವರನ್ನು ನೋಡಿದರೆ ಬೇಜಾರಾಗುತ್ತದೆ.

ಭಾನುವಾರ ಸಂಜೆ ಅರಮನೆ ದೀಪದ ಫೋಟೋ ತೆಗೆದೆ. ಮೇಲಿನ ಬಲ್ಬಿನ ಸಾಲು ಬಾಗಿದೆ. ಲೆನ್ಸ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಎಲ್ಲ ಜೂಮ್‌ಗಳಲ್ಲೂ ಸ್ವಲ್ಪವೋ ಜಾಸ್ತಿಯೋ ಇರುವ ಗುಣ ಅದು. ಅದಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ. ಹಗಲಿನಲ್ಲಿ ಅದೇ ಫೋಟೋ ತೆಗೆದಿದ್ದರೆ ನಿಮ್ಮ ಗಮನಕ್ಕೇ ಬರುತ್ತಿರಲಿಲ್ಲವೇನೋ. ಅರಮನೆಯ ದೀಪಗಳು ಕಟ್ಟಡದ ಅಂಚುಗಳ ಉದ್ದಕ್ಕೂ ಸಾಲಾಗಿ ಕೂತಿವೆ. ಕತ್ತಲಲ್ಲಿ ಬೇರೆ ಏನೂ ಕಾಣದೆ ಆ ಗೆರೆಗಳಷ್ಟೇ ಉಳಿಯುತ್ತವೆ. ಲೆನ್ಸ್ ಪರೀಕ್ಷೆಗೆ ಬರೆದುಕೊಟ್ಟ ಚಾರ್ಟ್‌ನಂತೆ ಅಷ್ಟೂ ಬಾಗು ಎದ್ದು ಕಾಣುತ್ತದೆ. ಅದರಲ್ಲೂ 18 ಎಂಎಂನಲ್ಲಿ ಹತ್ತಿರ ನಿಂತು, ಇಡೀ ಕಟ್ಟಡವನ್ನು ಫ್ರೇಮಿನ ತುದಿಯಿಂದ ತುದಿಗೆ ತುಂಬಿಸಿದ್ದರೆ ಕೇಳುವುದೇ ಬೇಡ.

ಮೂರು ಕಾರಣ ಅಂದಿರಲ್ಲ, ಯಾವ ಮೂರು?

ಮೊದಲನೆಯದು ನಿಜವಾದ ಲೆನ್ಸ್ ಡಿಸ್ಟಾರ್ಷನ್. ಇಲ್ಲಿ ನೆಟ್ಟಗಿನ ಗೆರೆ ಕಮಾನಾಗುತ್ತದೆ. ಎರಡನೆಯದು ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಓರೆಯಾದಾಗ ಆಗುವುದು. ಗೆರೆಗಳು ನೆಟ್ಟಗೇ ಇರುತ್ತವೆ, ಆದರೆ ಒಂದರ ಕಡೆಗೆ ಒಂದು ವಾಲುತ್ತವೆ. ಮೂರನೆಯದು ವೈಡ್‌ನಲ್ಲಿ ಫ್ರೇಮಿನ ತುದಿಯಲ್ಲಿರುವ ಮುಖ, ತಲೆ, ಗೋಳ ಎಲ್ಲ ಅಗಲಕ್ಕೆ ಎಳೆದ ಹಾಗೆ ಕಾಣುವುದು. ಗೆರೆಗಳಿಗೆ ಏನೂ ಆಗಿರುವುದಿಲ್ಲ, ಮನುಷ್ಯರು ಮಾತ್ರ ದಪ್ಪಗಾಗುತ್ತಾರೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಗೆರೆ ಬಾಗಿದೆಯಾ, ವಾಲಿದೆಯಾ, ಇಲ್ಲಾ ಆಕಾರ ಅಗಲವಾಗಿದೆಯಾ? ಕಂಪ್ಯೂಟರ್ ಪರದೆಯಲ್ಲಿ ಫೋಟೋ ತೆರೆದು ಒಂದು ಸ್ಕೇಲ್ ಹಿಡಿದರೆ ತಕ್ಷಣ ಗೊತ್ತಾಗುತ್ತದೆ.

ಬ್ಯಾರಲ್, ಪಿನ್‌ಕುಷನ್ ಅಂತಾರಲ್ಲ, ಅದೇನು?

ಫ್ರೇಮಿನ ಅಂಚಿನ ಹತ್ತಿರದ ಗೆರೆಯ ಮಧ್ಯಭಾಗ ಹೊರಕ್ಕೆ ಉಬ್ಬಿದ್ದರೆ ಬ್ಯಾರಲ್. ಒಳಕ್ಕೆ ತಗ್ಗಿದ್ದರೆ ಪಿನ್‌ಕುಷನ್. ಸ್ಟ್ಯಾಂಡರ್ಡ್ ಜೂಮ್‌ನ ವೈಡ್ ತುದಿಯಲ್ಲಿ ಬ್ಯಾರಲ್, ಟೆಲಿ ತುದಿಯಲ್ಲಿ ಸಣ್ಣ ಮಟ್ಟಿನ ಪಿನ್‌ಕುಷನ್ ಇರುವುದು ಸಾಮಾನ್ಯ.

ಎರಡೂ ಬೆರೆತ ಇನ್ನೊಂದು ಜಾತಿ ಇದೆ. ನಡುವೆ ಉಬ್ಬಿ, ತುದಿಗೆ ಬರುವಾಗ ಮತ್ತೆ ಎದುರು ದಿಕ್ಕಿಗೆ ತಿರುಗುತ್ತದೆ. ಮೀಸೆಯ ಆಕಾರ, ಹಾಗಾಗಿ ಮುಸ್ಟಾಶ್ ಡಿಸ್ಟಾರ್ಷನ್ ಅಂತಲೇ ಕರೆಯುತ್ತಾರೆ. ಇದನ್ನು ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಲೈಡರ್ ಎಳೆದು ಸರಿಮಾಡಲು ಆಗುವುದಿಲ್ಲ. ಮಧ್ಯ ಸರಿಹೋದರೆ ತುದಿ ಕೆಡುತ್ತದೆ, ತುದಿ ಸರಿಹೋದರೆ ಮಧ್ಯ ಕೆಡುತ್ತದೆ. ಆ ಲೆನ್ಸಿನದೇ ಪ್ರೊಫೈಲ್, ಅಂದರೆ ಅದರ ಬಾಗಿನ ಅಳತೆ ಇರುವ ತಿದ್ದುಪಡಿ ಫೈಲ್, ಬೇಕು.

ಹಾಗಾದರೆ 50 ಎಂಎಂ ಪ್ರೈಮ್‌ನಲ್ಲಿ (ಜೂಮ್ ಆಗದ ಲೆನ್ಸ್) ಇಲ್ಲದ್ದು ಜೂಮ್‌ನಲ್ಲಿ ಯಾಕೆ ಬರುತ್ತದೆ?

ಲೆನ್ಸಿನೊಳಗೆ ಗಾಜು ಎಲ್ಲಿದೆ, ಬೆಳಕು ಹಾಯುವ ರಂಧ್ರ, ಅಂದರೆ ಅಪರ್ಚರ್, ಎಲ್ಲಿದೆ ಅನ್ನುವುದರಲ್ಲಿ ಉತ್ತರ ಇದೆ. ಬೆಳಕನ್ನು ಕೂಡಿಸುವ ಗಾಜಿನ ಮುಂದೆ ಅಪರ್ಚರ್ ಇದ್ದರೆ ಬ್ಯಾರಲ್ ಆಗುತ್ತದೆ. ಹಿಂದೆ ಇದ್ದರೆ ಪಿನ್‌ಕುಷನ್. ಅಪರ್ಚರನ್ನು ನಡುವೆ ಇಟ್ಟು ಎರಡೂ ಬದಿಗೆ ಒಂದೇ ಥರದ ಗಾಜು ಕೂರಿಸಿದರೆ ಒಂದರ ಬಾಗನ್ನು ಇನ್ನೊಂದು ಅಳಿಸಿಹಾಕುತ್ತದೆ. ಈ ಉಪಾಯ ಹಳೆಯದು. 1866ರಲ್ಲಿ ಇಂಗ್ಲೆಂಡಿನ ಡಾಲ್ಮೇಯರ್ ಮತ್ತು ಜರ್ಮನಿಯ ಸ್ಟೈನ್‌ಹೈಲ್ ಇದೇ ರೀತಿಯ ಲೆನ್ಸ್‌ಗಳನ್ನು ಬೇರೆ ಬೇರೆಯಾಗಿ ತಂದರು. ಡಾಲ್ಮೇಯರ್ ತನ್ನ ಲೆನ್ಸಿಗೆ ಇಟ್ಟ ಹೆಸರು 'ರ್ಯಾಪಿಡ್ ರೆಕ್ಟಿಲಿನಿಯರ್'. ಕಟ್ಟಡದ ಗೆರೆ ನೆಟ್ಟಗೆ ಬರುತ್ತದೆ ಅನ್ನುವುದೇ ಅದರ ಹೆಗ್ಗಳಿಕೆ. ನಮ್ಮ ಕೈಯಲ್ಲಿರುವ ಸಾದಾ 50 ಎಂಎಂ ಎಫ್ 1.8 ಕೂಡ ಹೆಚ್ಚುಕಡಿಮೆ ಎರಡೂ ಬದಿ ಸಮ ಇರುವ ಲೆನ್ಸೇ.

ಜೂಮ್‌ಗೆ ಆ ಸೌಕರ್ಯ ಇಲ್ಲ. ವೈಡ್ ತುದಿಯಲ್ಲಿ ಲೆನ್ಸಿನ ಮುಂಭಾಗ ಒಟ್ಟಾರೆ ಬೆಳಕನ್ನು ಹರಡುತ್ತದೆ, ಹಿಂಭಾಗ ಕೂಡಿಸುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬಿಡಬೇಕಲ್ವಾ, ಅದಕ್ಕೆ ಬೇರೆ ದಾರಿಯೂ ಇಲ್ಲ. ಕ್ಯಾನನ್ ಇಎಫ್ ಮೌಂಟಿನಿಂದ (ಲೆನ್ಸ್ ಕೂರುವ ಬಳೆ) ಸೆನ್ಸರಿಗೆ 44 ಎಂಎಂ, ನಿಕಾನ್ ಎಫ್ ಮೌಂಟಿನಿಂದ 46.5 ಎಂಎಂ. 18 ಎಂಎಂ ಲೆನ್ಸ್ ಅಷ್ಟು ದೂರದಿಂದ ಸೆನ್ಸರ್ ಮೇಲೆ ಚಿತ್ರ ಮೂಡಿಸಬೇಕು. ಈ ಜೋಡಣೆಯ ಸಹಜ ಫಲ ಬ್ಯಾರಲ್. ಟೆಲಿ ಕಡೆ ತಿರುಗಿಸಿದಾಗ, 24-105ರಂಥ ಲೆನ್ಸಿನಲ್ಲಿ ಜೋಡಣೆ ತಿರುವುಮುರುವಾಗುತ್ತದೆ: ಮುಂದೆ ಕೂಡಿಸುವುದು, ಹಿಂದೆ ಹರಡುವುದು. ಅದರ ಫಲ ಪಿನ್‌ಕುಷನ್. ಒಂದು ತುದಿಯನ್ನು ತಿದ್ದಲು ಹೋದರೆ ಇನ್ನೊಂದು ತುದಿ ಹದಗೆಡುತ್ತದೆ. ಆಸ್ಫೆರಿಕಲ್ (ಮೈ ಗೋಳಾಕಾರ ಅಲ್ಲದ) ಗಾಜು ಹಾಕಿ ಎರಡನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ, ಪೂರ್ತಿ ತೆಗೆಯುವುದು ಕಷ್ಟ. ಸ್ಟಿಲ್ ಕ್ಯಾಮೆರಾಕ್ಕೆ ಬಂದ ಮೊದಲ ಜೂಮ್, 1959ರ ಫೋಗ್ಟ್‌ಲೆಂಡರ್ ಜೂಮರ್ 36-82, ಕೂಡ ಒಂದು ಸ್ಟ್ಯಾಂಡರ್ಡ್ ಜೂಮ್. ಅಂದಿನಿಂದ ಇಂದಿನವರೆಗೂ ಲೆನ್ಸ್ ಮಾಡುವವರಿಗೆ ಇದೇ ಹಗ್ಗಜಗ್ಗಾಟ.

ಇದರಿಂದ ನಮಗೊಂದು ಲಾಭ ಇದೆ. ಬ್ಯಾರಲ್‌ನಿಂದ ಪಿನ್‌ಕುಷನ್‌ಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಬಾಗು ಸೊನ್ನೆಗೆ ಹತ್ತಿರ ಬರಲೇಬೇಕು. ಬಹಳಷ್ಟು ಲೆನ್ಸ್‌ಗಳಲ್ಲಿ ಅದು ವೈಡ್ ತುದಿಯಿಂದ ಸ್ವಲ್ಪ ಮುಂದಕ್ಕೇ ಸಿಗುತ್ತದೆ. ನಿಮ್ಮ ಲೆನ್ಸಿನಲ್ಲಿ ಆ ಜಾಗ ಯಾವುದು ಅಂತ ಹುಡುಕಿಟ್ಟುಕೊಳ್ಳಿ. ಕಟ್ಟಡದ ಫೋಟೋಗೆ ಅದೇ ನಿಮ್ಮ ಮನೆ.

ಅಪರ್ಚರ್ ಚಿಕ್ಕದು ಮಾಡಿದರೆ ಸರಿಹೋಗುತ್ತದಾ?

ಇಲ್ಲ. ಎಫ್ 4 ಆದರೂ ಅಷ್ಟೇ, ಎಫ್ 11 ಆದರೂ ಅಷ್ಟೇ. ಡಿಸ್ಟಾರ್ಷನ್ ಫೋಟೋವನ್ನು ಮಸುಕು ಮಾಡುವುದಿಲ್ಲ, ಚುಕ್ಕೆಗಳ ಜಾಗ ಮಾತ್ರ ಬದಲಿಸುತ್ತದೆ. ಫಿಲ್ಟರ್ ಹಾಕಿದರೂ ತೆಗೆದರೂ ವ್ಯತ್ಯಾಸ ಇಲ್ಲ. ಬದಲಾಗುವುದು ಎರಡರಿಂದ: ಜೂಮ್ ಎಷ್ಟಿದೆ, ಫೋಕಸ್ ಎಷ್ಟು ದೂರದಲ್ಲಿದೆ. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಬಾಗು ಬೇರೆಯೇ ಆಗಬಹುದು.

ರಿವ್ಯೂಗಳಲ್ಲಿ 'ಮೈನಸ್ 3 ಪರ್ಸೆಂಟ್' ಅಂತ ಬರೆದಿರುತ್ತಾರೆ. ಅದು ಜಾಸ್ತಿಯಾ?

ಲೆಕ್ಕ ಹಾಕಿ ನೋಡೋಣ, ಆಗ ಮನಸ್ಸಿಗೆ ಇಳಿಯುತ್ತದೆ. ಮೈನಸ್ ಅಂದರೆ ಬ್ಯಾರಲ್, ಪ್ಲಸ್ ಅಂದರೆ ಪಿನ್‌ಕುಷನ್. ಮೂಲೆಯಲ್ಲಿರಬೇಕಾದ ಚುಕ್ಕೆ ಮಧ್ಯದ ಕಡೆಗೆ 3% ಜರುಗಿದೆ ಅಂತ ಅರ್ಥ.

ನಿಮ್ಮ ಫೋಟೋ 6000 ಅಡ್ಡ, 4000 ಉದ್ದ ಪಿಕ್ಸೆಲ್ ಇದೆ ಅಂದುಕೊಳ್ಳಿ. ಮೇಲಿನ ಅಂಚಿನಲ್ಲೇ ಒಂದು ಗೆರೆ ಇದೆ. ಮೂಲೆಯಲ್ಲಿ ಆ ಗೆರೆ 60 ಪಿಕ್ಸೆಲ್ ಕೆಳಗೆ ಇಳಿಯುತ್ತದೆ. ಅಂಚಿನ ನಟ್ಟನಡುವೆ ಕೂಡ ಅದು ಸುಮಾರು 18 ಪಿಕ್ಸೆಲ್ ಇಳಿದಿರುತ್ತದೆ, ಏಕೆಂದರೆ ಅದೂ ಫೋಟೋದ ಮಧ್ಯದಿಂದ ದೂರದಲ್ಲೇ ಇದೆ. ಕಣ್ಣಿಗೆ ಕಾಣುವ ಬಾಗು ಇವೆರಡರ ವ್ಯತ್ಯಾಸ, ಸುಮಾರು 42 ಪಿಕ್ಸೆಲ್. ಫೋಟೋದ ಎತ್ತರಕ್ಕೆ ಹೋಲಿಸಿದರೆ 1%. ಅದಕ್ಕೇ ಒಬ್ಬರು 3% ಅಂತ ಬರೆದಿದ್ದನ್ನು ಇನ್ನೊಬ್ಬರು 1% ಅಂತ ಬರೆದಿರುತ್ತಾರೆ. ಅಳೆಯುವ ರೀತಿ ಬೇರೆ, ಲೆನ್ಸ್ ಅದೇ. ಎರಡು ಕಡೆಯ ರಿವ್ಯೂ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಇದನ್ನೇ ಮದುವೆ ಆಲ್ಬಂಗೆ ತನ್ನಿ. 12×36ರ ಹಾಳೆಯಲ್ಲಿ ಅರ್ಧ ಭಾಗಕ್ಕೆ, ಅಂದರೆ 12×18 ಇಂಚಿಗೆ ಆ ಫೋಟೋ ಹಾಕಿದರೆ ಬಾಗು ಸುಮಾರು 3 ಎಂಎಂ. ಮಂಟಪದ ಮೇಲಿನ ಅಡ್ಡಪಟ್ಟಿ ಹಾಳೆಯ ನೇರ ಅಂಚಿನ ಪಕ್ಕದಲ್ಲೇ ಇರುತ್ತದೆ. ಕಣ್ಣು ಎರಡನ್ನೂ ಹೋಲಿಸುತ್ತದೆ, 3 ಎಂಎಂ ಖಂಡಿತ ಕಾಣುತ್ತದೆ. ಅದೇ ಬಾಗು ಮದುಮಕ್ಕಳ ಹಿಂದಿನ ಹೂವಿನ ಅಲಂಕಾರದಲ್ಲಿ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೆರೆ ಎಲ್ಲಿ ಇಟ್ಟರೆ ಬಾಗು ಕಮ್ಮಿ?

ಮಧ್ಯದಲ್ಲಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಅಂಚಿನಲ್ಲಿ 42 ಪಿಕ್ಸೆಲ್ ಬಾಗಿದ ಗೆರೆಯನ್ನು ಮಧ್ಯಕ್ಕೂ ಅಂಚಿಗೂ ನಡುವೆ ತಂದರೆ 21 ಪಿಕ್ಸೆಲ್ ಬಾಗುತ್ತದೆ. ನಡುಮಧ್ಯಕ್ಕೆ ತಂದರೆ ಸೊನ್ನೆ. ಸಾದಾ ಬ್ಯಾರಲ್ ಇರುವ ಯಾವ ಲೆನ್ಸಿಗೂ ಈ ಲೆಕ್ಕ ಸರಿಯಾಗುತ್ತದೆ.

ದೇವರಾಜ ಮಾರುಕಟ್ಟೆಯ ಸಾಲಂಗಡಿ, ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲು, ದರಿಯಾ ದೌಲತ್‌ನ ಕಂಬಸಾಲು, ಎಲ್ಲಿಗೆ ಹೋದರೂ ಇದನ್ನು ಬಳಸಬಹುದು. ಮುಖ್ಯವಾದ ಗೆರೆಗೂ ಫ್ರೇಮಿನ ಅಂಚಿಗೂ ನಡುವೆ ಜಾಗ ಬಿಟ್ಟು ತೆಗೆಯಿರಿ, ಆಮೇಲೆ ಬೇಕಾದಷ್ಟು ಕತ್ತರಿಸಿ. ಇವತ್ತಿನ ಕ್ಯಾಮೆರಾಗಳಲ್ಲಿ ಅಷ್ಟು ಪಿಕ್ಸೆಲ್ ಬಿಟ್ಟುಕೊಡುವುದು ದೊಡ್ಡ ಮಾತಲ್ಲ.

ಕೆಆರ್‌ಎಸ್ ಹಿನ್ನೀರಿನ ಫೋಟೋದಲ್ಲಿ ನೀರಿನ ಗೆರೆ ಬಾಗಿದೆ. ಭೂಮಿ ದುಂಡಗಿರುವುದಕ್ಕಾ?

ಅಲ್ಲ. ದಡದಲ್ಲಿ ನಿಂತ ಎತ್ತರಕ್ಕೆ ಅದು ಕಾಣುವುದಿಲ್ಲ. ಅಲ್ಲೇ ನಿಂತು ಪರೀಕ್ಷೆ ಮಾಡಿ. ನೀರಿನ ಗೆರೆಯನ್ನು ಫ್ರೇಮಿನ ಮೇಲ್ಭಾಗದಲ್ಲಿ ಇಟ್ಟು ಒಂದು, ಕೆಳಭಾಗದಲ್ಲಿ ಇಟ್ಟು ಒಂದು ತೆಗೆಯಿರಿ. ಮೇಲಿದ್ದಾಗ ಮೇಲಕ್ಕೆ ಉಬ್ಬುತ್ತದೆ, ಕೆಳಗಿದ್ದಾಗ ಕೆಳಕ್ಕೆ ಉಬ್ಬುತ್ತದೆ. ಭೂಮಿಯ ಆಕಾರ ಹೀಗೆ ತಿರುಗಿ ಬೀಳುವುದಿಲ್ಲ ಅಲ್ವಾ?

ಅಣೆಕಟ್ಟೆಯ ಗೋಡೆಗೂ ಇದೇ. ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆ ಅದು. ಬೃಂದಾವನದ ಕಡೆಯಿಂದ ತೆಗೆಯುವಾಗ ಗೋಡೆಯ ಮೇಲಂಚನ್ನು ಫ್ರೇಮಿನ ತುದಿಗೆ ಒತ್ತಿಡಬೇಡಿ.

ಸೇಂಟ್ ಫಿಲೋಮಿನಾ ಚರ್ಚಿನ ಎರಡು ಗೋಪುರಗಳೂ ಒಳಗೆ ವಾಲಿವೆ. ಡಿಸ್ಟಾರ್ಷನ್ ಕರೆಕ್ಷನ್ ಆನ್ ಮಾಡಿದರೂ ಹೋಗಲಿಲ್ಲ.

ಹೋಗುವುದಿಲ್ಲ, ಏಕೆಂದರೆ ಅದು ಲೆನ್ಸಿನ ತಪ್ಪಲ್ಲ. ಗೋಪುರಗಳು ಸುಮಾರು 175 ಅಡಿ ಎತ್ತರ. ಮುಂದಿನ ಅಂಗಳದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆತ್ತಿದರೆ ಸೆನ್ಸರ್ ಗೋಡೆಗೆ ಓರೆಯಾಗುತ್ತದೆ. ಬುಡ ಹತ್ತಿರ, ತುದಿ ದೂರ. ದೂರದ್ದು ಚಿಕ್ಕದಾಗಿ ಬರುತ್ತದೆ. ಲಕ್ಷಾಂತರ ರೂಪಾಯಿಯ ಲೆನ್ಸ್ ಹಾಕಿದರೂ ಹಾಗೇ ಬರುತ್ತದೆ.

ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದರೆ ಗೋಪುರ ನೆಟ್ಟಗೆ ನಿಲ್ಲುತ್ತದೆ, ಆದರೆ ಫೋಟೋದ ಕೆಳಗಿನ ಅರ್ಧ ಬರೀ ನೆಲ. ಅದನ್ನು ಕತ್ತರಿಸಿ. ದೂರ ಹೋಗಲು ಜಾಗ ಇದ್ದರೆ ಇನ್ನೂ ಒಳ್ಳೆಯದು. ಅಳತೆ ಸುಲಭ: ಫುಲ್‌ಫ್ರೇಮ್‌ನಲ್ಲಿ (36×24 ಎಂಎಂ ಸೆನ್ಸರ್) 75 ಮೀಟರ್ ಅಗಲದ ಕಟ್ಟಡ ಅಡ್ಡಕ್ಕೆ ಪೂರ್ತಿ ಹಿಡಿಸಲು 24 ಎಂಎಂನಲ್ಲಿ 50 ಮೀಟರ್ ದೂರ ಸಾಕು, 50 ಎಂಎಂನಲ್ಲಿ ಸುಮಾರು 104 ಮೀಟರ್ ಬೇಕು. ಅರಮನೆಯ ಅಂಗಳದಲ್ಲಿ ಹಿಂದೆ ಸರಿಯಲು ಜಾಗ ಧಾರಾಳ. ಪೇಟೆಯ ಕಟ್ಟಡಗಳಿಗೆ ಆ ಭಾಗ್ಯ ಇಲ್ಲ, ಅಲ್ಲಿ ಸಾಫ್ಟ್‌ವೇರ್‌ನ ಪರ್ಸ್‌ಪೆಕ್ಟಿವ್ ಸ್ಲೈಡರ್ ಬಳಸಲೇಬೇಕು. ಬಳಸುವಾಗ ಪೂರ್ತಿ ನೆಟ್ಟಗೆ ಮಾಡದೆ ಒಂಚೂರು ವಾಲು ಉಳಿಸಿ. ಎತ್ತರದ ಗೋಪುರವನ್ನು ಕೆಳಗಿನಿಂದ ನೋಡಿದ ಕಣ್ಣಿಗೆ ಅದೇ ಸಹಜ ಅನ್ನಿಸುತ್ತದೆ. ಪೂರ್ತಿ ತಿದ್ದಿದರೆ ಗೋಪುರದ ತಲೆ ದಪ್ಪವಾದ ಹಾಗೆ ಕಾಣುತ್ತದೆ.

ಗ್ರೂಪ್ ಫೋಟೋದಲ್ಲಿ ತುದಿಯಲ್ಲಿ ನಿಂತ ಅತ್ತೆ ಬೇಜಾರು ಮಾಡಿಕೊಂಡರು, ತುಂಬಾ ದಪ್ಪ ಕಾಣುತ್ತೀನಿ ಅಂತ. ಏನು ಮಾಡಲಿ?

ಅವರು ಬೇಜಾರಾಗಿದ್ದರಲ್ಲಿ ನ್ಯಾಯ ಇದೆ. ನೆಟ್ಟಗಿನ ಗೆರೆಯನ್ನು ನೆಟ್ಟಗೆ ತೋರಿಸುವ ಯಾವ ವೈಡ್ ಲೆನ್ಸೂ ಅಂಚಿನಲ್ಲಿರುವ ದುಂಡಗಿನ ವಸ್ತುವನ್ನು ಅಡ್ಡಕ್ಕೆ ಎಳೆಯುತ್ತದೆ. ಫುಲ್‌ಫ್ರೇಮ್ 24 ಎಂಎಂನಲ್ಲಿ ಸಾಲಿನ ಕೊನೆಯಲ್ಲಿ, ಫ್ರೇಮಿನ ಅಂಚಿಗೆ ತಾಗಿ ನಿಂತವರ ತಲೆ ನಿಜಕ್ಕಿಂತ 25% ಅಗಲ ಬರುತ್ತದೆ. 18-55ರ 18 ಎಂಎಂನಲ್ಲಿ ಸುಮಾರು 19%. ಫುಲ್‌ಫ್ರೇಮ್ 50 ಎಂಎಂಗೆ ಹೋದರೆ ಬರೀ 6%. ಹಾಗಾಗಿ ಮೊದಲ ಮದ್ದು ಹಿಂದೆ ಸರಿದು ಜೂಮ್ ಮಾಡುವುದು. ಕಲ್ಯಾಣ ಮಂಟಪದಲ್ಲಿ ವೇದಿಕೆಯ ಮುಂದಿನ ಎರಡು ಸಾಲು ಕುರ್ಚಿ ಸರಿಸಿ ಅಂತ ಕೇಳಲು ಸಂಕೋಚ ಬೇಡ. ಸರಿಸಿಕೊಡುತ್ತಾರೆ.

ಜಾಗವೇ ಇಲ್ಲದಿದ್ದರೆ ಸಾಲಿನ ಎರಡೂ ಕಡೆ ಫ್ರೇಮಿನಲ್ಲಿ ಜಾಗ ಬಿಡಿ. ಒಂದೇ ಉದ್ದ ಸಾಲಿನ ಬದಲು ಎರಡು ಮೂರು ಸಾಲು ಮಾಡಿ. ತುದಿಯವರನ್ನು ಕ್ಯಾಮೆರಾ ಕಡೆಗೆ ಬಾಗಿಸಿ ಅರ್ಧಚಂದ್ರದಲ್ಲಿ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ವೈಡ್‌ನಲ್ಲಿ ಅದು ಬೇಡ. ಹತ್ತಿರ ಬಂದಷ್ಟೂ ಅವರು ಅಗಲದ ಜೊತೆ ಎತ್ತರದಲ್ಲೂ ದೊಡ್ಡದಾಗುತ್ತಾರೆ. ಸಾಲು ನೆಟ್ಟಗೇ ಇರಲಿ.

ಇನ್ನೊಂದು ಮಾತು, ಬಹಳ ಜನ ಗಮನಿಸದೇ ಇರುವುದು. ಬ್ಯಾರಲ್ ಡಿಸ್ಟಾರ್ಷನ್ ಅಂಚಿನ ವಸ್ತುಗಳನ್ನು ಸ್ವಲ್ಪ ಕುಗ್ಗಿಸುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಿದಾಗ ಅಂಚಿನವರು ಇನ್ನಷ್ಟು ಅಗಲವಾಗುತ್ತಾರೆ. ಹಿನ್ನೆಲೆಯಲ್ಲಿ ಕಂಬ, ಬಾಗಿಲು ಇಲ್ಲದ ಗ್ರೂಪ್ ಫೋಟೋಗೆ ನಾನು ಕರೆಕ್ಷನ್ ಅನ್ನು ಅರ್ಧಕ್ಕೆ ಇಳಿಸುತ್ತೇನೆ, ಕೆಲವು ಸಲ ಪೂರ್ತಿ ತೆಗೆಯುತ್ತೇನೆ. ಬಾಗಿದ ಪರದೆ ಯಾರಿಗೂ ಕಾಣುವುದಿಲ್ಲ. ಅತ್ತೆಯ ಮುಖ ಎಲ್ಲರಿಗೂ ಕಾಣುತ್ತದೆ.

ಮಿರರ್‌ಲೆಸ್ ತೆಗೆದುಕೊಂಡ ಮೇಲೆ ಬಾಗೇ ಕಾಣುತ್ತಿಲ್ಲ. ಆ ಲೆನ್ಸ್‌ಗಳಲ್ಲಿ ಡಿಸ್ಟಾರ್ಷನ್ ಇಲ್ವಾ?

ಇದೆ, ಕೆಲವದರಲ್ಲಿ ಹಳೇ ಲೆನ್ಸ್‌ಗಳಿಗಿಂತ ಜಾಸ್ತಿಯೇ ಇದೆ. ನೀವು ವ್ಯೂಫೈಂಡರ್‌ನಲ್ಲಿ ನೋಡುತ್ತಿರುವುದು ಕ್ಯಾಮೆರಾ ಆಗಲೇ ತಿದ್ದಿದ ಚಿತ್ರ. ಡಿಎಸ್‌ಎಲ್‌ಆರ್‌ನ ಗಾಜಿನ ವ್ಯೂಫೈಂಡರ್‌ನಲ್ಲಿ ಲೆನ್ಸ್ ಕೊಟ್ಟದ್ದು ಕೊಟ್ಟಂತೆ ಕಾಣುತ್ತಿತ್ತು.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಮೈಕ್ರೋ ಫೋರ್ ಥರ್ಡ್ಸ್ ಎಂಬ ಮಿರರ್‌ಲೆಸ್ ವ್ಯವಸ್ಥೆ ತಂದಾಗ ತಿದ್ದುಪಡಿಯ ಲೆಕ್ಕವನ್ನು ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ) ಫೈಲಿನೊಳಗೇ ಇಡುವ ಪದ್ಧತಿ ತಂದರು. ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಲೆನ್ಸ್ ಚಿಕ್ಕದಾಗಲಿ, ಹಗುರವಾಗಲಿ, ಬಾಗನ್ನು ಸಾಫ್ಟ್‌ವೇರ್ ನೋಡಿಕೊಳ್ಳಲಿ ಅನ್ನುವುದು ಈಗಿನ ಲೆಕ್ಕಾಚಾರ. ಕ್ಯಾನನ್ ಆರ್‌ಎಫ್ 24-240ನ ರಾ ಫೈಲನ್ನು ತಿದ್ದದೆ ತೆರೆದರೆ 24 ಎಂಎಂನಲ್ಲಿ ಮೂಲೆಗಳು ಕಪ್ಪಾಗಿಯೇ ಇರುತ್ತವೆ. ಸೋನಿಯ ಪುಟ್ಟ 16-50 ಕೂಡ 16 ಎಂಎಂನಲ್ಲಿ ಜೋರಾಗಿ ಬಾಗುತ್ತದೆ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಜೇಬಿನಲ್ಲಿ ಹಿಡಿಯುವ ಜೂಮ್ ಬೇಕು ಅಂದವರು ನಾವೇ. ಕೊನೆಯ ಫೋಟೋ ಚೆನ್ನಾಗಿದ್ದರೆ ಸಾಕು.

ಸಾಫ್ಟ್‌ವೇರ್‌ನಲ್ಲಿ ತಿದ್ದಿದರೆ ನಷ್ಟ ಏನೂ ಇಲ್ವಾ?

ಸ್ವಲ್ಪ ಇದೆ. ಬ್ಯಾರಲ್ ತಿದ್ದುವುದು ಅಂದರೆ ಮೂಲೆಗಳನ್ನು ಹೊರಕ್ಕೆ ಎಳೆಯುವುದು. ಮೂಲೆಯಲ್ಲಿ 3% ಇರುವ ಸಾದಾ ಬ್ಯಾರಲ್ ತಿದ್ದುವಾಗ ಮೂಲೆಯ ಪಿಕ್ಸೆಲ್‌ಗಳು ಹೊರದಿಕ್ಕಿಗೆ ಹತ್ತಿರಹತ್ತಿರ 10% ಹಿಗ್ಗುತ್ತವೆ. ಅಲ್ಲಿ ವಿವರ ಕೊಂಚ ಮೆತ್ತಗಾಗುತ್ತದೆ. ಕತ್ತಲ ಮೂಲೆಯನ್ನು ಜೊತೆಗೇ ಬೆಳಗಿಸಿದರೆ ನಾಯ್ಸ್ (ಕಾಳುಕಾಳಾದ ಚುಕ್ಕೆ) ಕೂಡ ಎದ್ದು ಕಾಣುತ್ತದೆ. ಜೊತೆಗೆ ಮೂಲೆಗಳ ಒಂದಿಷ್ಟು ಭಾಗ ಕತ್ತರಿಸಿ ಹೋಗುತ್ತದೆ. ಹಾಗಾಗಿ ಫ್ರೇಮ್ ಕಟ್ಟುವಾಗ ಬಿಗಿಯಾಗಿ ಕಟ್ಟಬೇಡಿ, ಅದರಲ್ಲೂ ಡಿಎಸ್‌ಎಲ್‌ಆರ್‌ನಲ್ಲಿ. ಸೋಮನಾಥಪುರದ ಗೋಪುರದ ತುದಿ ಫ್ರೇಮಿನ ಅಂಚಿಗೆ ತಾಗಿದ್ದರೆ ತಿದ್ದಿದ ಮೇಲೆ ಅದು ಉಳಿಯದೇ ಇರಬಹುದು.

ಕ್ಯಾಮೆರಾದಲ್ಲಿ ಆ ಸೆಟ್ಟಿಂಗ್ ಎಲ್ಲಿರುತ್ತದೆ?

ಕ್ಯಾನನ್‌ನಲ್ಲಿ ಲೆನ್ಸ್ ಅಬರೇಷನ್ ಕರೆಕ್ಷನ್ ಒಳಗೆ, ನಿಕಾನ್‌ನಲ್ಲಿ ಆಟೋ ಡಿಸ್ಟಾರ್ಷನ್ ಕಂಟ್ರೋಲ್ ಅಂತ, ಸೋನಿಯಲ್ಲಿ ಲೆನ್ಸ್ ಕಾಂಪೆನ್ಸೇಷನ್ ಒಳಗೆ. ಡಿಎಸ್‌ಎಲ್‌ಆರ್‌ನಲ್ಲಿ ಇದು ಕೆಲಸ ಮಾಡುವುದು ಜೆಪೆಗ್ ಮೇಲೆ. ರಾ ತೆಗೆಯುವವರು ಲೈಟ್‌ರೂಮ್‌ನಲ್ಲಿ ಪ್ರೊಫೈಲ್ ಕರೆಕ್ಷನ್ ಗುರುತು ಹಾಕಬೇಕು. ದುಡ್ಡು ಕೊಡಲಾಗದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಇವು ಲೆನ್ಸ್‌ಫನ್ ಅನ್ನುವ ಮುಕ್ತ ಸಂಗ್ರಹದಿಂದ ಲೆನ್ಸಿನ ಲೆಕ್ಕ ತೆಗೆದುಕೊಳ್ಳುತ್ತವೆ. ಕಲಿಯುವ ಹುಡುಗರಿಗೆ ನಾನು ಮೊದಲು ಹೇಳುವುದು ಡಾರ್ಕ್‌ಟೇಬಲ್ ಹೆಸರನ್ನೇ.

ಮೊದಲು ಕ್ರಾಪ್ ಮಾಡಲಾ, ಮೊದಲು ಡಿಸ್ಟಾರ್ಷನ್ ತಿದ್ದಲಾ?

ಮೊದಲು ಡಿಸ್ಟಾರ್ಷನ್, ಆಮೇಲೆ ವಾಲು, ಕೊನೆಗೆ ಕ್ರಾಪ್. ಪ್ರೊಫೈಲ್ ಲೆಕ್ಕ ಹಾಕುವುದು ಲೆನ್ಸಿನ ನಡುಬಿಂದುವಿನಿಂದ. ಕ್ರಾಪ್ ಮಾಡಿ ಸೇವ್ ಮಾಡಿದ ಫೋಟೋದಲ್ಲಿ ಆ ನಡುಬಿಂದು ಎಲ್ಲೋ ಹೋಗಿರುತ್ತದೆ. ಲೈಟ್‌ರೂಮ್‌ನಂಥವು ರಾ ಫೈಲಿನ ಮೇಲೆ ಈ ಕ್ರಮವನ್ನು ತಾವೇ ಪಾಲಿಸುತ್ತವೆ. ತೊಂದರೆ ಆಗುವುದು ಬೇರೆಯವರು ವಾಟ್ಸಾಪ್‌ನಲ್ಲಿ ಕಳಿಸಿದ, ಆಗಲೇ ಕತ್ತರಿಸಿದ ಫೋಟೋ ತಿದ್ದಲು ಕೂತಾಗ.

ಫುಲ್‌ಫ್ರೇಮ್ ಲೆನ್ಸನ್ನು ಕ್ರಾಪ್ ಸೆನ್ಸರ್ ಕ್ಯಾಮೆರಾಗೆ ಹಾಕಿದರೆ?

ಬಾಗು ಕಮ್ಮಿಯಾಗುತ್ತದೆ. ಚಿಕ್ಕದಾದ ಆ ಸೆನ್ಸರ್ ನೋಡುವುದು ಲೆನ್ಸಿನ ನಡುಭಾಗ ಮಾತ್ರ. 1.5 ಕ್ರಾಪ್‌ನಲ್ಲಿ ಮೂಲೆಯ 3% ಇಳಿದು ಸುಮಾರು 1.3% ಆಗುತ್ತದೆ. ಆದರೆ 24 ಎಂಎಂ ಅಲ್ಲಿ 36ರಷ್ಟು ಕಿರಿದಾಗುತ್ತದೆ ಅನ್ನುವುದೂ ನೆನಪಿರಲಿ.

ಮೈಸೂರು ರೇಷ್ಮೆ ಸೀರೆಯ ಫೋಟೋದಲ್ಲಿ ಜರಿ ಅಂಚು ಬಾಗಿ ಬರುತ್ತದೆ. ಕೊಳ್ಳುವವರು ನೇಯ್ಗೆ ಸರಿಯಿಲ್ಲ ಅಂತಾರೆ.

ಇಲ್ಲಿ ಎರಡು ವಿಷಯ ಬೆರೆತಿರುತ್ತವೆ. ನೇತುಹಾಕಿದ ಸೀರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಮೊದಲು ಅಂಚಿನ ಪಕ್ಕ ಉದ್ದನೆ ಸ್ಕೇಲ್ ಹಿಡಿದು, ಬಟ್ಟೆಯೇ ಬಾಗಿದೆಯಾ ನೋಡಿ. ಬಟ್ಟೆ ನೆಟ್ಟಗಿದ್ದರೆ ಬಾಗು ಲೆನ್ಸಿನದು.

ಸೀರೆಯನ್ನು ಟೇಬಲ್ ಮೇಲೆ ಬಿಡಿಸಿ 18 ಎಂಎಂನಲ್ಲಿ ಬಗ್ಗಿ ತೆಗೆಯುವುದನ್ನು ಬಿಡಿ. 35ರಿಂದ 55ರ ನಡುವೆ ಇಟ್ಟು, ಸ್ಟೂಲ್ ಹತ್ತಿಯಾದರೂ ಮೇಲಿನಿಂದ ತೆಗೆಯಿರಿ. ಜರಿ ಅಂಚು ಫ್ರೇಮಿನ ಅಂಚಿಗೆ ತಾಗದಿರಲಿ, ಸುತ್ತ ಒಂದು ಗೇಣು ಬಿಡಿ. ಹತ್ತಿರದ ಫೋಕಸ್‌ಗೆ ಪ್ರೊಫೈಲ್ ಪೂರ್ತಿ ಹೊಂದದೇ ಇರಬಹುದು, ಆಗ ಕೊನೆಯ ಒಂಚೂರನ್ನು ಕೈಯಲ್ಲೇ ಸ್ಲೈಡರ್ ಎಳೆದು ಸರಿಮಾಡಿ. ಪಲ್ಲುವಿನ ಅಡ್ಡಪಟ್ಟಿಗಳನ್ನು ಗ್ರಿಡ್ ಗೆರೆಗೆ ಹೊಂದಿಸಿದರೆ ಕೆಲಸ ಮುಗಿಯಿತು.

ಮೈಸೂರು ಶೈಲಿಯ ಚಿತ್ರಗಳ ಪ್ರತಿ ತೆಗೆಯುವವರಿಗೂ ಇದೇ ಮಾತು. ಅದನ್ನೇ ವೃತ್ತಿ ಮಾಡಿಕೊಂಡವರಿಗೆ ಮಾತ್ರ ಒಂದು ಮ್ಯಾಕ್ರೋ ಪ್ರೈಮ್ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಅವುಗಳಲ್ಲಿ ಬಾಗು ಇಲ್ಲವೆನ್ನುವಷ್ಟು ಕಮ್ಮಿ.

ದುಬಾರಿ 24-70 ಎಫ್ 2.8 ತೆಗೆದುಕೊಂಡರೆ ಈ ತಲೆನೋವು ಹೋಗುತ್ತದಾ?

ಇದೊಂದೇ ಕಾರಣಕ್ಕೆ ಬೇಡ. ಅವುಗಳಲ್ಲೂ 24 ಎಂಎಂನಲ್ಲಿ ಬ್ಯಾರಲ್ ಇರುತ್ತದೆ. ಕತ್ತಲ ಛತ್ರದಲ್ಲಿ ಬೆಳಕು ಬೇಕು, ಹಿನ್ನೆಲೆ ಮಸುಕಾಗಬೇಕು ಅಂದರೆ ಕೊಳ್ಳಿ, ಅದಕ್ಕೆ ಬೆಲೆ ಇದೆ.

ಮೊಬೈಲಿನಲ್ಲಿ?

ಅಲ್ಲೂ ಬಾಗು ಇದೆ, ಫೋನೇ ತಿದ್ದಿ ಕೊಡುತ್ತದೆ. 0.5 ಲೆನ್ಸಿನಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಮನುಷ್ಯರನ್ನು ಅಂಚಿಗೆ ನಿಲ್ಲಿಸಬೇಡಿ.

ನನ್ನ ಲೆನ್ಸನ್ನು ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಟೈಲ್ಸ್ ಗೋಡೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಟೈಲ್ಸ್ ಸಾಲೇ ನೆಟ್ಟಗಿರಬೇಕಲ್ಲ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಎಳೆದು ಕಟ್ಟುವ ದಾರ ಇದೆ ನೋಡಿ, ಅದು ಉತ್ತಮ. ಗೋಡೆಯ ಮೇಲೆ ಎರಡು ಮೊಳೆಗೆ ಬಿಗಿಯಾಗಿ ಕಟ್ಟಿ. ದಾರ ಫ್ರೇಮಿನ ಮೇಲಂಚಿಗೆ ಹತ್ತಿರ ಬರಲಿ.

ಕ್ಯಾಮೆರಾ ಗೋಡೆಗೆ ಸರಿಯಾಗಿ ಎದುರಾಗಿರುವುದು ಮುಖ್ಯ. ಅದಕ್ಕೊಂದು ಚೆಂದದ ಉಪಾಯ ಇದೆ. ಸಣ್ಣ ಕನ್ನಡಿಯೊಂದನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ಫ್ರೇಮಿನ ನಡುವೆ ಬರುವ ಹಾಗೆ. ಟ್ರೈಪಾಡ್ ಮೇಲಿನ ಕ್ಯಾಮೆರಾದಲ್ಲಿ ನೋಡಿದಾಗ ಕನ್ನಡಿಯಲ್ಲಿ ನಿಮ್ಮ ಲೆನ್ಸಿನ ಕಣ್ಣು ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಸರಿಯಾಗಿದೆ. ಪಕ್ಕಕ್ಕೆ ಕಂಡರೆ ಅಷ್ಟು ಓರೆಯಿದೆ. ಕರೆಕ್ಷನ್ ಆಫ್ ಮಾಡಿ, ವೈಡ್ ತುದಿಯಿಂದ ಶುರುಮಾಡಿ ಜೂಮ್ ರಿಂಗಿನ ಒಂದೊಂದು ಗುರುತಿನಲ್ಲೂ ತೆಗೆಯುತ್ತಾ ಹೋಗಿ. ದಾರ ಮೇಲಕ್ಕೆ ಉಬ್ಬಿದ್ದು ನಿಧಾನವಾಗಿ ಇಳಿದು, ಒಂದು ಕಡೆ ನೆಟ್ಟಗಾಗಿ, ಆಮೇಲೆ ಕೆಳಕ್ಕೆ ಜೋಲುವುದು ಕಾಣುತ್ತದೆ. ನೆಟ್ಟಗಾದ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಜೂಮ್ ಕೊಳ್ಳುವಾಗ ಇದನ್ನೂ ನೋಡಬೇಕಾ?

ಬಾಗನ್ನು ನೋಡುವ ಅಗತ್ಯ ಇಲ್ಲ. ಅದು ಆ ಮಾಡೆಲ್‌ನ ಎಲ್ಲ ಲೆನ್ಸಿನಲ್ಲೂ ಹೆಚ್ಚುಕಡಿಮೆ ಒಂದೇ. ನೋಡಬೇಕಾದದ್ದು ಎರಡೂ ಬದಿ ಒಂದೇ ಥರ ಇದೆಯಾ ಅನ್ನುವುದನ್ನು. ಬಿದ್ದು ಏಟು ತಿಂದ ಲೆನ್ಸಿನಲ್ಲಿ ಒಳಗಿನ ಗಾಜು ಪಕ್ಕಕ್ಕೆ ಸರಿದಿರುತ್ತದೆ. ಆಗ ಎಡಗಡೆ ಚೂಪಾಗಿದ್ದು ಬಲಗಡೆ ಮಸುಕಾಗಿರುತ್ತದೆ. ಅದನ್ನು ಯಾವ ಪ್ರೊಫೈಲೂ ಸರಿಮಾಡುವುದಿಲ್ಲ.

ಕೊಡುವವರು "ನೀವು ಕ್ಯಾಮೆರಾ ಓರೆ ಹಿಡಿದಿದ್ದೀರಿ" ಅಂದರೆ ಜಗಳ ಬೇಡ. ಗೋಡೆಯ ಮೇಲೆ ನ್ಯೂಸ್‌ಪೇಪರ್ ಹಾಳೆಗಳನ್ನು ಅಂಟಿಸಿ ಒಂದು ಫೋಟೋ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಅದೇ ಜಾಗದಿಂದ, ಗೋಡೆಗೆ ಅಷ್ಟೇ ನೇರವಾಗಿ ಇನ್ನೊಂದು ತೆಗೆಯಿರಿ. ಎರಡನೆಯ ಫೋಟೋವನ್ನು ನೆಟ್ಟಗೆ ತಿರುಗಿಸಿ ನೋಡಿ. ಮಸುಕು ಗೋಡೆಯ ಅದೇ ಬದಿಯಲ್ಲಿ ಉಳಿದಿದ್ದರೆ ಕ್ಯಾಮೆರಾ ನಿಜವಾಗಿಯೂ ಓರೆಯಿತ್ತು, ಇನ್ನೊಮ್ಮೆ ಸರಿಯಾಗಿ ನಿಲ್ಲಿಸಿ ನೋಡಿ. ಮಸುಕು ಬಲದಿಂದ ಎಡಕ್ಕೆ ಬಂದಿದ್ದರೆ ದೋಷ ಲೆನ್ಸಿನದು. ಬೆಲೆ ಎಷ್ಟೇ ಕಮ್ಮಿ ಹೇಳಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.